ಶಸ್ತ್ರಚಿಕಿತ್ಸೆಯ ಕೈಗವಸು: ದರವೊಂದನ್ನೇ ನೋಡಿ ಕೊಳ್ಳುವ ವಸ್ತುವಲ್ಲ

ಪಾಪಿನಾಯಕನಹಳ್ಳಿಯ ಆಸುಪಾಸಿನಲ್ಲಿ ಅದಿರಿನ ವ್ಯವಹಾರ ಮಾಡಿದವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾರಿಯಲ್ಲಿ ಬಂದ ಅದಿರನ್ನು ಕಣ್ಣಳತೆಯಿಂದ ನೋಡಿ ಯಾರೂ ಹಣ ಎಣಿಸುವುದಿಲ್ಲ. ಮೊದಲು ಮಾದರಿ ತೆಗೆಯಬೇಕು; ಕಬ್ಬಿಣದ ಅಂಶ ಶೇಕಡಾ ಎಷ್ಟಿದೆಯೆಂಬ ಪ್ರಯೋಗಾಲಯದ ವರದಿ ಕೈಗೆ ಬರಬೇಕು; ಆ ಬಳಿಕವೇ ದರದ ಮಾತು. ಕಂಪ್ಲಿಯ ಅಕ್ಕಿ ಗಿರಣಿಯವರು ಭತ್ತದ ತೇವಾಂಶ ನೋಡದೆ ಚೀಲ ಇಳಿಸಿಕೊಳ್ಳುವುದಿಲ್ಲ. ಬಳ್ಳಾರಿಯ ಜೀನ್ಸ್ ತಯಾರಕರು ಬಟ್ಟೆಯ ತಾನನ್ನು ಬಿಚ್ಚಿ ನೋಡದೆ ಕತ್ತರಿ ಹಾಕುವುದಿಲ್ಲ. ಪರೀಕ್ಷಿಸಿ ಕೊಳ್ಳುವುದು ನಮ್ಮ ಭಾಗದ ವ್ಯಾಪಾರದ ರೂಢಿ; ಅದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಆದರೆ ಇದೇ ನಾವು ಒಂದು ವಸ್ತುವಿನ ವಿಷಯದಲ್ಲಿ ಮಾತ್ರ ಈ ರೂಢಿಯನ್ನು ಮರೆತುಬಿಟ್ಟಿದ್ದೇವೆ. ಅದು ವೈದ್ಯರು, ದಾದಿಯರು ಕೈಗೆ ಹಾಕಿಕೊಳ್ಳುವ ರಬ್ಬರಿನ ಗ್ಲೌಸ್. ನರ್ಸಿಂಗ್ ಹೋಮಿಗಾಗಲಿ, ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೊಠಡಿಗಾಗಲಿ, ಸೇವಾ ಸಂಸ್ಥೆಗಳ ಆರೋಗ್ಯ ಶಿಬಿರಕ್ಕಾಗಲಿ ಅದನ್ನು ಕೊಳ್ಳುವಾಗ ಕೇಳುವ ಪ್ರಶ್ನೆ ಒಂದೇ: "ಡಬ್ಬಿಗೆ ಎಷ್ಟು?" ಕಳೆದ ಅನೇಕ ವರ್ಷಗಳಿಂದ ಹೊಸಪೇಟೆಯಲ್ಲಿ ಶಸ್ತ್ರಚಿಕಿತ್ಸಾ ಸಾಮಗ್ರಿಗಳ ವ್ಯಾಪಾರದಲ್ಲಿರುವ ನಾನು, ಈ ಪ್ರಶ್ನೆಯನ್ನು ಕೇಳಿಸಿಕೊಂಡವನೂ ಹೌದು, ನನ್ನ ಸರಬರಾಜುದಾರರಿಗೆ ಅದನ್ನೇ ಕೇಳಿದವನೂ ಹೌದು. ಆದ್ದರಿಂದ ಈ ಲೇಖನದಲ್ಲಿ ಬರುವ ಟೀಕೆ ಮೊದಲು ನನಗೇ ಅನ್ವಯಿಸುತ್ತದೆ ಎಂದು ಸದಸ್ಯ ಬಾಂಧವರು ತಿಳಿಯಬೇಕಾಗಿ ವಿನಂತಿ.

ನನ್ನ ಗೋದಾಮು ಕಲಿಸಿದ ಪಾಠ

ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ಒಂದು ಚಿಕ್ಕ ಆಸ್ಪತ್ರೆಯ ಹಿರಿಯ ದಾದಿಯೊಬ್ಬರು ನಮ್ಮ ಅಂಗಡಿಗೆ ಬಂದು ಒಂದು ಪೊಟ್ಟಣವನ್ನು ಮೇಜಿನ ಮೇಲಿಟ್ಟರು. "ಯಜಮಾನ್ರೇ, ಹಾಕಿಕೊಳ್ಳುವಾಗಲೇ ಹರಿಯುತ್ತಿವೆ. ಹರಿದದ್ದು ಕಂಡರೆ ಬದಲಿಸುತ್ತೇವೆ. ಕಾಣದ ತೂತಿಗೆ ಏನು ಮಾಡೋಣ?" ಎಂದು ಕೇಳಿದರು. ನಾನು ಎಲ್ಲ ವ್ಯಾಪಾರಸ್ಥರಂತೆ ತಯಾರಕರನ್ನು ದೂರಿ, ಮಾಲು ಬದಲಿಸಿ ಕೊಟ್ಟೆ. ಅನಂತರ ತಯಾರಕರ ಪ್ರತಿನಿಧಿ ಬಂದು ನನ್ನ ಗೋದಾಮನ್ನು ನೋಡಿದಾಗ ಸತ್ಯ ಹೊರಬಿತ್ತು. ಆ ಪೆಟ್ಟಿಗೆಗಳು ಎರಡು ಬೇಸಿಗೆಗಳನ್ನು ತಗಡಿನ ಶೀಟಿನ ಕೆಳಗೆ, ಅಟ್ಟದ ಮೇಲೆ ಕಳೆದಿದ್ದವು. ದೋಷ ತಯಾರಕರದ್ದಾಗಿರಲಿಲ್ಲ, ನನ್ನದಾಗಿತ್ತು.

ನೈಸರ್ಗಿಕ ರಬ್ಬರಿಗೆ ಶಾಖ, ಬೆಳಕು ಹಾಗೂ ಓಜೋನ್ ವೈರಿಗಳು. ತಯಾರಕರು ಗ್ಲೌಸಿನ ಬಾಳಿಕೆಯನ್ನು ಅಂದಾಜು ಮಾಡಲು ಅದನ್ನು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 7 ದಿನ ಇಟ್ಟು, ಆಮೇಲೆ ಎಳೆದು ನೋಡುತ್ತಾರೆ. ಅಂದರೆ ಶಾಖವೇ ಅದರ ಮುಪ್ಪು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ತಗಡಿನ ಚಾವಣಿಯ ಒಳಗಿನ ಶಾಖ ಹೊರಗಿನದಕ್ಕಿಂತ ಹೆಚ್ಚಾಗಿರುತ್ತದೆ ಎಂಬುದು ಎಲ್ಲರ ಅನುಭವ. ಪೊಟ್ಟಣದ ಮೇಲೆ ಮುದ್ರಿಸಿದ ಅವಧಿಯ ದಿನಾಂಕವು ತಂಪಾದ, ಒಣಗಿದ, ಬಿಸಿಲು ಬೀಳದ ಜಾಗದಲ್ಲಿಟ್ಟ ಮಾಲಿಗೆ ಮಾತ್ರ ಅನ್ವಯವಾಗುತ್ತದೆ. ನಮ್ಮ ಗೋದಾಮಿನ ಅಟ್ಟಕ್ಕೆ ಆ ದಿನಾಂಕದ ಭರವಸೆ ಇಲ್ಲ.

ಗ್ಲೌಸಿನ ಹುಟ್ಟು ಮತ್ತು ಉದ್ದೇಶ

ಗ್ಲೌಸಿನ ಇತಿಹಾಸ ಸ್ವಾರಸ್ಯಕರವಾಗಿದೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ಬಳಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿ ಇದ್ದರು. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಅವರ ಕೈಗಳ ಚರ್ಮ ಹುಣ್ಣಾಗುತ್ತಿತ್ತು. 1889-90ರ ಸುಮಾರಿಗೆ ಹಾಲ್‌ಸ್ಟೆಡ್ ಅವರು ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ರಬ್ಬರ್ ಕೈಗವಸುಗಳನ್ನು ಮಾಡಿಸಿಕೊಟ್ಟರು. ಹೀಗೆ ಮೊದಲಿಗೆ ಗ್ಲೌಸ್ ಬಂದದ್ದು ದಾದಿಯ ಕೈ ಉಳಿಸಲಿಕ್ಕೆ; ರೋಗಿಯ ಗಾಯ ಉಳಿಸಲಿಕ್ಕಲ್ಲ. ಅದೇ ಆಸ್ಪತ್ರೆಯ ಜೋಸೆಫ್ ಬ್ಲಡ್‌ಗುಡ್ ಅವರು 1899ರಲ್ಲಿ, ಗ್ಲೌಸ್ ಧರಿಸಿ ಮಾಡಿದ ಹರ್ನಿಯಾ ಶಸ್ತ್ರಚಿಕಿತ್ಸೆಗಳಲ್ಲಿ ಸೋಂಕು ಗಣನೀಯವಾಗಿ ಇಳಿದದ್ದನ್ನು ವರದಿ ಮಾಡಿದರು. ಅಂದಿನಿಂದ ಗ್ಲೌಸಿನ ಕೆಲಸ ಎರಡು ಬದಿಯದ್ದು: ವೈದ್ಯರ ಕೈಯಿಂದ ರೋಗಿಗೆ, ರೋಗಿಯ ರಕ್ತದಿಂದ ವೈದ್ಯರಿಗೆ ಸೋಂಕು ದಾಟದಂತೆ ತಡೆಯುವುದು.

ನಮ್ಮಲ್ಲಿಯೂ ಹಿಂದೆ ಒಂದೇ ಜೋಡಿಯನ್ನು ತೊಳೆದು, ಹಗ್ಗದ ಮೇಲೆ ಒಣಗಿಸಿ, ತೂತಾದಲ್ಲಿ ತೇಪೆ ಹಚ್ಚಿ, ಪೌಡರ್ ಹಾಕಿ, ಆಟೋಕ್ಲೇವ್ ಮಾಡಿ ಮತ್ತೆ ಬಳಸುತ್ತಿದ್ದರು. ಬಡತನದ ಕಾಲದಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಒಮ್ಮೆ ಬಳಸಿ ಎಸೆಯಲೆಂದೇ ತಯಾರಾದ ಇಂದಿನ ತೆಳು ಗ್ಲೌಸನ್ನು ಹಾಗೆ ತೊಳೆದು ಬಳಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತೂತಿನ ಲೆಕ್ಕ

ವ್ಯಾಪಾರಸ್ಥರು ಅರಿಯಬೇಕಾದ ಮೊದಲ ಸಂಗತಿ, ಗ್ಲೌಸುಗಳಲ್ಲಿ ಎರಡು ಜಾತಿ. ಒಂದು, ಶಸ್ತ್ರಚಿಕಿತ್ಸೆಯ ಗ್ಲೌಸ್: ಕ್ರಿಮಿರಹಿತಗೊಳಿಸಿ ಜೋಡಿಯಾಗಿ ಪೊಟ್ಟಣ ಕಟ್ಟಿರುತ್ತಾರೆ, ಎಡ-ಬಲ ಬೇರೆ ಬೇರೆ, ಆರು, ಆರೂವರೆ, ಏಳು ಎಂದು ಅಳತೆಯ ಸಂಖ್ಯೆ ಇರುತ್ತದೆ. ಇನ್ನೊಂದು, ತಪಾಸಣೆಯ ಗ್ಲೌಸ್: ಸಾಮಾನ್ಯವಾಗಿ ನೂರರ ಡಬ್ಬಿಯಲ್ಲಿ ಬರುತ್ತದೆ, ಯಾವ ಕೈಗಾದರೂ ಹಾಕಬಹುದು, ಬಹುತೇಕ ಕ್ರಿಮಿರಹಿತವಲ್ಲ. ಎರಡನೆಯದು ಅಗ್ಗವೆಂದು ಮೊದಲನೆಯದರ ಜಾಗದಲ್ಲಿ ಕೊಡುವುದು, ಸಿಮೆಂಟ್ ಕೇಳಿದವನಿಗೆ ಸುಣ್ಣ ಕೊಟ್ಟಂತೆ.

ಎರಡನೆಯ ಸಂಗತಿ, ಯಾವ ತಯಾರಕನೂ ನೂರಕ್ಕೆ ನೂರು ತೂತಿಲ್ಲದ ಗ್ಲೌಸಿನ ಭರವಸೆ ಕೊಡಲಾರ. ಪರೀಕ್ಷೆಯ ಕ್ರಮ ಸರಳವಾಗಿದೆ. ಗ್ಲೌಸಿನೊಳಗೆ ಒಂದು ಲೀಟರ್ ನೀರು ತುಂಬಿ ತೂಗುಹಾಕಿ, ಎರಡು ನಿಮಿಷ ಬಿಟ್ಟು ಸೋರಿಕೆ ನೋಡುತ್ತಾರೆ. ಒಂದು ಉತ್ಪಾದನಾ ತಂಡದಿಂದ ಇಷ್ಟು ಮಾದರಿ ತೆಗೆದಾಗ ಇಷ್ಟಕ್ಕಿಂತ ಹೆಚ್ಚು ಸೋರಿದರೆ ಇಡೀ ತಂಡವನ್ನೇ ತಿರಸ್ಕರಿಸಬೇಕೆಂಬ ನಿಯಮವಿದೆ. ಈ ಸ್ವೀಕಾರಾರ್ಹ ಗುಣಮಟ್ಟದ ಮಟ್ಟವನ್ನು ಎ.ಕ್ಯೂ.ಎಲ್. ಎನ್ನುತ್ತಾರೆ. ಅಮೆರಿಕದ ನಿಯಮದಲ್ಲಿ ಶಸ್ತ್ರಚಿಕಿತ್ಸೆಯ ಗ್ಲೌಸಿಗೆ ಇದು 1.5, ತಪಾಸಣೆಯ ಗ್ಲೌಸಿಗೆ 2.5. ಸ್ಥೂಲವಾಗಿ ಹೇಳುವುದಾದರೆ, ಒಳ್ಳೆಯ ಶಸ್ತ್ರಚಿಕಿತ್ಸಾ ಗ್ಲೌಸಿನಲ್ಲಿಯೂ ನೂರಕ್ಕೆ ಒಂದೂವರೆಯಷ್ಟು ದೋಷವನ್ನು ಮಾನದಂಡವೇ ಸಹಿಸಿಕೊಂಡಿದೆ. ಒಳ್ಳೆಯದರ ಗತಿಯೇ ಹೀಗಿರುವಾಗ, ಯಾವ ಪರೀಕ್ಷೆಗೂ ಒಳಪಡದ ಮಾಲಿನ ಗತಿ ಏನೆಂದು ಊಹಿಸಬಹುದು.

ಇದಲ್ಲದೆ ಶಸ್ತ್ರಚಿಕಿತ್ಸೆಯ ವೇಳೆ ಸೂಜಿ, ಎಲುಬಿನ ಚೂಪು, ಉಪಕರಣಗಳ ಅಂಚು ತಾಗಿ ಹೊಸ ತೂತುಗಳಾಗುತ್ತವೆ. ಅನೇಕ ಬಾರಿ ಅದು ಧರಿಸಿದವರಿಗೆ ತಿಳಿಯುವುದೇ ಇಲ್ಲ. ಆದುದರಿಂದಲೇ ಒಂದರ ಮೇಲೊಂದು ಎರಡು ಜೋಡಿ ಧರಿಸುವ ಪದ್ಧತಿ ಬಂದಿದೆ. 2014ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಎರಡು ಜೋಡಿ ಧರಿಸಿದಾಗ ಒಳಗಿನ ಗ್ಲೌಸ್ ತೂತಾಗುವ ಸಂಭವ ಶೇ. 71ರಷ್ಟು ಕಡಿಮೆಯಾಗುತ್ತದೆಂದು ಕಂಡುಕೊಂಡಿತು.

ಇನ್ನೂ ಮಹತ್ವದ ಅಧ್ಯಯನವೊಂದು 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿದೆ. ಭಾರತವೂ ಸೇರಿದಂತೆ 7 ದೇಶಗಳ 81 ಆಸ್ಪತ್ರೆಗಳಲ್ಲಿ 13 ಸಾವಿರಕ್ಕೂ ಮೀರಿದ ರೋಗಿಗಳ ಮೇಲೆ ನಡೆದ ಪ್ರಯೋಗವಿದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಗಾಯವನ್ನು ಹೊಲಿದು ಮುಚ್ಚುವ ಮುನ್ನ ಇಡೀ ತಂಡ ಹೊಸ ಗ್ಲೌಸ್ ಧರಿಸಿ, ಹೊಸ ಉಪಕರಣಗಳನ್ನು ತೆಗೆದುಕೊಂಡರೆ ಏನಾಗುತ್ತದೆಂದು ಪರೀಕ್ಷಿಸಲಾಯಿತು. ಎಂದಿನ ಪದ್ಧತಿಯಲ್ಲಿ ಶೇ. 18.9 ಮಂದಿಗೆ ಗಾಯದ ಸೋಂಕು ತಗುಲಿದರೆ, ಬದಲಿಸಿದವರಲ್ಲಿ ಅದು ಶೇ. 16.0ಕ್ಕೆ ಇಳಿಯಿತು. ನೂರರಲ್ಲಿ ಮೂವರ ಅಂತರ ಚಿಕ್ಕದೆನಿಸಬಹುದು. ಆದರೆ ಗಾಯ ಕೀವಾಗಿ ಮತ್ತೆ ಹದಿನೈದು ದಿನ ಹಾಸಿಗೆ ಹಿಡಿದ ಕೂಲಿಕಾರನ ಮನೆಯ ಲೆಕ್ಕವನ್ನು ಬಲ್ಲವರು ಅದನ್ನು ಚಿಕ್ಕದೆನ್ನಲಾರರು. ಸೋಂಕು ತಡೆಯುವ ಇಷ್ಟು ಸುಲಭದ ಉಪಾಯವು ಆಸ್ಪತ್ರೆಯಲ್ಲಿ ಹೆಚ್ಚುವರಿ ಜೋಡಿ ಗ್ಲೌಸ್ ಇದ್ದರೆ ಮಾತ್ರ ಸಾಧ್ಯ.

ಗ್ಲೌಸ್ ಎಂದರೆ ಕವಚವೂ ಅಲ್ಲ, ಮಂತ್ರವೂ ಅಲ್ಲ. ಸೂಜಿ ಚುಚ್ಚುವುದನ್ನು ಅದು ತಡೆಯದು. ಕೈ ತೊಳೆಯುವುದಕ್ಕೆ ಅದು ಬದಲಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಒಂದೇ ಜೋಡಿ ಹಾಕಿಕೊಂಡು ನಾಲ್ಕು ರೋಗಿಗಳನ್ನು ಮುಟ್ಟಿದರೆ ಗ್ಲೌಸ್ ಸೋಂಕನ್ನು ತಡೆಯುವ ಬದಲು ಹೊತ್ತು ತಿರುಗುತ್ತದೆ.

ಪುಡಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಸುಲಭವಾಗಿ ಧರಿಸಲೆಂದು ಗ್ಲೌಸಿನೊಳಗೆ ಹಾಕುವ ಪಿಷ್ಟದ ಪುಡಿಯು ಗಾಯದೊಳಗೆ ಬಿದ್ದರೆ ಅಂಗಾಂಗಗಳು ಒಂದಕ್ಕೊಂದು ಅಂಟಿಕೊಳ್ಳಲು ಕಾರಣವಾಗಬಹುದು. ರಬ್ಬರಿನ ಪ್ರೋಟೀನನ್ನು ಗಾಳಿಗೆ ಹರಡಿ ಅಲರ್ಜಿ ಇರುವವರಿಗೆ ಅಪಾಯ ತರುತ್ತದೆ. ಈ ಕಾರಣದಿಂದ ಅಮೆರಿಕವು 2017ರ ಜನವರಿ 18ರಿಂದ ಪುಡಿ ಹಾಕಿದ ವೈದ್ಯಕೀಯ ಗ್ಲೌಸುಗಳನ್ನು ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಪುಡಿಯಿರುವುದನ್ನೇ ಕೇಳಿ ಪಡೆಯುವವರು ಇನ್ನೂ ಇದ್ದಾರೆ. ಅವರಿಗೆ ತಿಳಿಹೇಳುವುದೂ ವ್ಯಾಪಾರದ ಭಾಗವೇ.

ಬಳ್ಳಾರಿಯ ಎಚ್ಚರಿಕೆ

ಇಷ್ಟೆಲ್ಲ ಏಕೆಂದು ಕೇಳುವವರು 2024ರ ನವೆಂಬರ್ ತಿಂಗಳನ್ನು ನೆನೆಯಬೇಕು. ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸುನೀಗಿದರು. ಅಲ್ಲಿ ಶಂಕೆಗೊಳಗಾದದ್ದು ಗ್ಲೌಸಲ್ಲ, ರಕ್ತನಾಳಕ್ಕೆ ಏರಿಸುವ ದ್ರಾವಣ. ಸರ್ಕಾರವು ಅದನ್ನು ಪೂರೈಸಿದ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ತಾಯಿಯಿಲ್ಲದ ಆ ಹಸುಗೂಸುಗಳಿಗೆ ಇದರಿಂದ ಏನೂ ಮರಳಿ ಬರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮ ಹಂಪಿಯ ಸೀಮೆಯವರಿಗೆ ಹೊಸದಲ್ಲ. ದ್ರಾವಣವಿರಲಿ, ಗ್ಲೌಸಿರಲಿ, ದಾರವಿರಲಿ, ಒಂದು ವಸ್ತು ಶಸ್ತ್ರಚಿಕಿತ್ಸಾ ಕೊಠಡಿಯನ್ನು ತಲಪುವ ಮುನ್ನ ನಮ್ಮಂಥವರ ಹತ್ತು ಕೈಗಳನ್ನು ದಾಟಿ ಹೋಗುತ್ತದೆ. ಆ ಹತ್ತರಲ್ಲಿ ಒಂದಾದರೂ ಕೈ ತಡೆದು ನೋಡಬೇಕಲ್ಲವೆ?

ತಡೆದು ನೋಡದಿದ್ದರೆ ಏನು ನುಸುಳಬಹುದೆಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರ ಆಗಸ್ಟ್‌ನಲ್ಲಿ ನವಿ ಮುಂಬೈ ಪೊಲೀಸರು, ಬಳಸಿ ಎಸೆದ ಗ್ಲೌಸುಗಳನ್ನು ತೊಳೆದು ಒಣಗಿಸಿ ಮತ್ತೆ ಮಾರಲು ಅಣಿ ಮಾಡುತ್ತಿದ್ದ ಜಾಲವನ್ನು ಹಿಡಿದರು. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಬಳಸಿದ, ಕೊಳೆಯಾದ ಗ್ಲೌಸುಗಳು ಭಾರಿ ಪ್ರಮಾಣದಲ್ಲಿ ರವಾನೆಯಾದ ಸಂಗತಿ 2021ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಅಗ್ಗದ ಮಾಲನ್ನು ಮೂಲ ಕೇಳದೆ ಕೊಂಡವರಿದ್ದುದರಿಂದಲೇ ಈ ದಂಧೆಗಳು ನಡೆದವು.

ಕಾನೂನು ಏನು ಹೇಳುತ್ತದೆ?

ನಮ್ಮ ಅನೇಕ ಸದಸ್ಯರು ಗ್ಲೌಸನ್ನು ಇಂದಿಗೂ ಸಾಮಾನ್ಯ ಜನರಲ್ ಸಾಮಾನೆಂದೇ ಭಾವಿಸಿದ್ದಾರೆ. ಇದು ಸರಿಯಲ್ಲ. ವೈದ್ಯಕೀಯ ಸಾಧನಗಳ ನಿಯಮಗಳು, 2017, ಇವು 2018ರ ಜನವರಿ 1ರಿಂದ ಜಾರಿಯಲ್ಲಿವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯ ವ್ಯಾಪ್ತಿಗೆ ಬಂದಿವೆ. ತಯಾರಿಕೆಗೆ ಪರವಾನಗಿ ಬೇಕು. ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕಗಳಿರಬೇಕು. ಮಾರಾಟಗಾರರ ಬಳಿ ಔಷಧ ಮಾರಾಟದ ಪರವಾನಗಿ ಇಲ್ಲದಿದ್ದಲ್ಲಿ, 2022ರ ಸೆಪ್ಟೆಂಬರ್ ತಿದ್ದುಪಡಿಯಂತೆ ಎಂ.ಡಿ.-41 ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಎಂ.ಡಿ.-42 ನೋಂದಣಿ ಪತ್ರ ಪಡೆಯಬೇಕು. ಬಿಲ್ಲಿಲ್ಲದೆ ಬಂದ ಗ್ಲೌಸಿನ ಡಬ್ಬಿಯನ್ನು ಬಿಲ್ಲಿಲ್ಲದೆ ಸಾಗಿಸುವ ಕಾಲ ಮುಗಿದಿದೆ.

ಬಳಸಿದ ಗ್ಲೌಸಿಗೂ ಕಾನೂನಿದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಅದು ಕೆಂಪು ಚೀಲಕ್ಕೆ ಹೋಗಬೇಕು. ಸೋಂಕು ಕಳೆದು, ಚೂರು ಮಾಡಿದ ಮೇಲೆಯೇ ಮರುಬಳಕೆಯ ಘಟಕಕ್ಕೆ ತಲಪಬೇಕು. ಗುಜರಿ ವ್ಯಾಪಾರದಲ್ಲಿರುವ ನಮ್ಮ ಸದಸ್ಯರು ಈ ಮಾಲನ್ನು ಇಡಿಯಾಗಿ ಕೊಳ್ಳಬಾರದು, ಕೊಳ್ಳಗೊಡಲೂಬಾರದು.

ಕಡಿಮೆ ದರದ ವಾದ

"ಟೆಂಡರಿನಲ್ಲಿ ಕಡಿಮೆ ದರಕ್ಕೇ ಮನ್ನಣೆ. ಒಳ್ಳೆಯ ಮಾಲು ಕೋಟ್ ಮಾಡಿದರೆ ಆರ್ಡರ್ ಬೇರೆಯವರ ಪಾಲು. ಹಣ ಬರುವುದೂ ಆರು ತಿಂಗಳ ಉದ್ರಿಯ ಮೇಲೆ. ನಾವೇನು ಮಾಡಲು ಸಾಧ್ಯ?" ಎಂಬ ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆ; ಅದನ್ನು ಅಲ್ಲಗಳೆಯುವುದಿಲ್ಲ. ತಡವಾಗಿ ಹಣ ಕೊಡುವ ಕಚೇರಿಗೆ ಒಳ್ಳೆಯ ಸರಬರಾಜುದಾರರು ದೂರವಾಗುತ್ತಾರೆ. ಉಳಿಯುವವರು ಗುಣಮಟ್ಟದಲ್ಲಿ ಕತ್ತರಿ ಹಾಕಿ ಬಡ್ಡಿಯನ್ನು ಸರಿದೂಗಿಸುತ್ತಾರೆ. ಆದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯಿದೆಯು ಕಣ್ಣುಮುಚ್ಚಿ ಅಗ್ಗವಾದುದನ್ನು ಕೊಳ್ಳಿರೆಂದು ಎಲ್ಲಿಯೂ ಹೇಳಿಲ್ಲ. ತಾಂತ್ರಿಕ ಷರತ್ತುಗಳನ್ನು ಪೂರೈಸಿದವರಲ್ಲಿ ಕಡಿಮೆ ದರದವರನ್ನು ಆರಿಸುವುದು ಅದರ ಆಶಯ. ಷರತ್ತುಗಳನ್ನು ಸರಿಯಾಗಿ ಬರೆಯದಿರುವುದು ಕೊಳ್ಳುವವರ ಲೋಪ. ಬರೆಯಿರಿ ಎಂದು ಒತ್ತಾಯಿಸದಿರುವುದು ನಮ್ಮ ಲೋಪ.

ಖಾಸಗಿ ಖರೀದಿಯಲ್ಲಂತೂ ಈ ನೆಪವೂ ಇಲ್ಲ. ಒಳ್ಳೆಯ ಜೋಡಿಗೂ ಕಳಪೆ ಜೋಡಿಗೂ ಇರುವ ಅಂತರ ಕೆಲವೇ ರೂಪಾಯಿಗಳು. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಶಸ್ತ್ರಚಿಕಿತ್ಸೆಯ ಹಾಗೂ ತಪಾಸಣೆಯ ರಬ್ಬರ್ ಗ್ಲೌಸುಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆ ಉಳಿತಾಯವನ್ನು ಇನ್ನಷ್ಟು ರಿಯಾಯಿತಿಯ ಪೈಪೋಟಿಗೆ ಸುರಿಯುವ ಬದಲು ಗುಣಮಟ್ಟಕ್ಕೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ.

ಸಣ್ಣ ತಯಾರಕರಿಗೆ ಒಂದು ಕಿವಿಮಾತು. 2020ರಲ್ಲಿ ಮಾಸ್ಕ್ ಹೊಲಿದು ಗಳಿಸಿದವರು ಗ್ಲೌಸ್ ತಯಾರಿಕೆಯನ್ನೂ ಅಷ್ಟೇ ಸುಲಭವೆಂದು ಭಾವಿಸಬಾರದು. ಪಿಂಗಾಣಿಯ ಕೈಯಚ್ಚನ್ನು ರಬ್ಬರ್ ಹಾಲಿನಲ್ಲಿ ಅದ್ದುವುದು ಕೆಲಸದ ಒಂದು ಪಾಲು ಮಾತ್ರ. ರಬ್ಬರಿನಲ್ಲಿ ಉಳಿಯುವ ಪ್ರೋಟೀನು, ರಾಸಾಯನಿಕಗಳನ್ನು ಬಿಸಿನೀರಿನಲ್ಲಿ ತೊಳೆದು ತೆಗೆಯುವುದು, ಹದವಾಗಿ ಬೇಯಿಸುವುದು, ಪುಡಿಯಿಲ್ಲದೆ ಜಾರುವಂತೆ ಮಾಡುವುದು, ಸೋರಿಕೆ ಪರೀಕ್ಷೆ, ಎಥಿಲೀನ್ ಆಕ್ಸೈಡ್ ಅಥವಾ ಗಾಮಾ ಕಿರಣದಿಂದ ಕ್ರಿಮಿರಹಿತಗೊಳಿಸುವುದು, ಇವೆಲ್ಲ ಬಂಡವಾಳವನ್ನೂ ಶಿಸ್ತನ್ನೂ ಬೇಡುತ್ತವೆ. ನಮ್ಮ ರಾಜ್ಯದ ಸುಳ್ಯ, ಪುತ್ತೂರು ಭಾಗಗಳಲ್ಲಿ ರಬ್ಬರ್ ಬೆಳೆ ಇದೆ. ಗುಣಮಟ್ಟಕ್ಕೆ ಬೆಲೆ ಕೊಡುವ ಗ್ರಾಹಕರಿದ್ದರೆ ನಾಳೆ ಕರ್ನಾಟಕದಲ್ಲಿ ಇಂತಹ ಉದ್ಯಮ ಇನ್ನಷ್ಟು ಬೆಳೆಯಲು ಅವಕಾಶವಿದೆ. ದರವೊಂದನ್ನೇ ನೋಡುವ ಪೇಟೆಯಲ್ಲಿ ಒಳ್ಳೆಯ ತಯಾರಕ ಉಳಿಯಲಾರ.

ನಮ್ಮ ಸಂಸ್ಥೆ ಏನು ಮಾಡಬಹುದು?

ಕೊನೆಯದಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಒಂದನೆಯದಾಗಿ, ಗ್ಲೌಸ್ ಮಾರುವ ಸದಸ್ಯರೆಲ್ಲರೂ ಪ್ರತಿ ತಂಡದ ಮಾಲಿನೊಂದಿಗೆ ತಯಾರಕರ ಪರೀಕ್ಷಾ ವರದಿ ಪಡೆದು ಕಡತದಲ್ಲಿಡಬೇಕು; ಬಿಲ್ಲಿನಲ್ಲಿ ತಂಡದ ಸಂಖ್ಯೆ ನಮೂದಿಸಬೇಕು. ದೋಷ ಕಂಡಾಗ ಆ ತಂಡವನ್ನು ಹಿಂದಕ್ಕೆ ತರಿಸಲು ಇದೊಂದೇ ದಾರಿ.

ಎರಡನೆಯದಾಗಿ, ಮಾಲು ಬಂದ ದಿನವೇ ಕೆಲವು ಗ್ಲೌಸುಗಳಿಗೆ ನೀರು ತುಂಬಿ ನೋಡಬೇಕು. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲ. ಆದರೂ ತೀರ ಕಳಪೆಯಾದುದು ಕಣ್ಣಿಗೆ ಬೀಳುತ್ತದೆ. ನೀರು ತುಂಬಿದವುಗಳನ್ನು ಕತ್ತರಿಸಿ ಬಿಸಾಡಬೇಕು.

ಮೂರನೆಯದಾಗಿ, ಗೋದಾಮಿನಲ್ಲಿ ತಗಡಿನಡಿಯ ಅಟ್ಟವನ್ನು ಬಿಟ್ಟು, ಗೋಡೆ ಮತ್ತು ನೆಲದಿಂದ ದೂರವಾಗಿ, ಬಿಸಿಲು ಹಾಗೂ ವಿದ್ಯುತ್ ಮೋಟಾರುಗಳಿಂದ ಅಂತರದಲ್ಲಿ ಇಡಬೇಕು. ಮೊದಲು ಬಂದ ಮಾಲು ಮೊದಲು ಹೋಗಬೇಕು.

ನಾಲ್ಕನೆಯದಾಗಿ, ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಚಿಕ್ಕ ನರ್ಸಿಂಗ್ ಹೋಮುಗಳು ಮತ್ತು ಕಾರ್ಖಾನೆಗಳ ಅಗತ್ಯವನ್ನು ಒಟ್ಟುಗೂಡಿಸಿ ಸಾಮೂಹಿಕ ಖರೀದಿ ಮಾಡುವ ವ್ಯವಸ್ಥೆಗೆ ನಮ್ಮ ಸಂಸ್ಥೆ ಮುಂದಾಗಬೇಕು. ಹೆಚ್ಚು ಪ್ರಮಾಣ ಕೊಂಡಾಗ ದರವೂ ಇಳಿಯುತ್ತದೆ. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವ ವೆಚ್ಚವೂ ಹಂಚಿಹೋಗುತ್ತದೆ.

ಐದನೆಯದಾಗಿ, ಗಣಿಗಾರಿಕೆಯಿಂದ ಬರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯ ಆದ್ಯತೆಗಳಲ್ಲಿ ಆರೋಗ್ಯವೂ ಒಂದು. ಆ ಹಣದಿಂದ ಕಟ್ಟಡ ಕಟ್ಟುವಾಗ, ಆ ಕಟ್ಟಡದೊಳಗೆ ಬಳಸುವ ಸಾಮಗ್ರಿಯ ಗುಣಮಟ್ಟ ಪರೀಕ್ಷೆಗೂ ಒಂದು ಪಾಲು ಮೀಸಲಿಡುವಂತೆ ನಮ್ಮ ಸಂಸ್ಥೆಯು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸಬೇಕು.

ಆ ದಾದಿ ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಕಾಣದ ತೂತಿಗೆ ಏನು ಮಾಡೋಣ?" ಕಾಣದ ತೂತನ್ನು ಆಕೆ ಹುಡುಕಲಾರಳು, ಆ ಹೊತ್ತಿಗೆ ಆಕೆಯ ಎದುರಿಗೆ ನೋವಿನಲ್ಲಿರುವ ರೋಗಿ ಮಲಗಿರುತ್ತಾನೆ. ಅದನ್ನು ಹುಡುಕಬೇಕಾದವರು ಬಿಡುವಾಗಿ ಕುಳಿತು ಮಾಲು ಆರಿಸುವ ನಾವು. ಒಂದು ಲಾರಿ ಅದಿರಿಗೆ ತೋರುವ ಎಚ್ಚರವನ್ನು ಒಂದು ಜೋಡಿ ಗ್ಲೌಸಿಗೆ ತೋರಿದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಯಾರೂ ನಮ್ಮಿಂದ ಕೇಳುತ್ತಿಲ್ಲ. ಸದಸ್ಯ ಬಾಂಧವರು ಈ ಸಲಹೆಗಳನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳುವರೆಂದು ಆಶಿಸುತ್ತೇನೆ.